ಇಂಟರ್ನೆಟ್ ವಿಳಾಸಗಳು ಖಾಲಿಯಾಗಿ ವರ್ಷಗಳೇ ಆದವು, ಆದರೂ ನಮ್ಮ ಫೋನ್ ನಡೆಯುವುದು ಹೇಗೆ?

ಈಗ ಹಳ್ಳಿಯ ತೋಟದ ಮನೆಗೂ ಫೈಬರ್ ಬಂದಿದೆ. ಗೇಟಿಗೊಂದು, ಅಂಗಳಕ್ಕೊಂದು ಅಂತ ಕ್ಯಾಮೆರಾ ಹಾಕಿಸುತ್ತಾರೆ. ಬೆಂಗಳೂರಿನಲ್ಲಿರುವ ಮಗ ಅಲ್ಲಿಂದಲೇ ಫೋನಿನಲ್ಲಿ ಅಡಿಕೆ ಒಣಹಾಕಿದ ಅಂಗಳ ನೋಡಬೇಕು ಅನ್ನುವುದು ಆಸೆ. ಕ್ಯಾಮೆರಾ ಹಾಕಲು ಬಂದ ಹುಡುಗ ಅರ್ಧ ದಿನ ಒದ್ದಾಡಿ ಕೊನೆಗೆ ಹೇಳುತ್ತಾನೆ: "ನಿಮ್ಮ ಕನೆಕ್ಷನ್‌ಗೆ ಪಬ್ಲಿಕ್ ಐಪಿ ಇಲ್ಲ ಸಾರ್. ಕೇಬಲ್‌ನವರಿಗೆ ಹೇಳಿ ಸ್ಟ್ಯಾಟಿಕ್ ಐಪಿ ಹಾಕಿಸ್ಕೊಳ್ಳಿ." ಕೇಬಲ್‌ನವರಿಗೆ ಫೋನ್ ಮಾಡಿದರೆ ಅದಕ್ಕೆ ಬೇರೆ ದುಡ್ಡು ಕೇಳುತ್ತಾರೆ. ಇಂಟರ್ನೆಟ್ಟಿಗೆ ತಿಂಗಳ ದುಡ್ಡು ಕಟ್ಟಿಯೇ ಆಗಿದೆ, ಇದಕ್ಕೆ ಮತ್ತೆ ಯಾಕೆ ಅನ್ನುವ ಪ್ರಶ್ನೆ ಯಾರಿಗಾದರೂ ಬರುತ್ತದೆ, ಅಲ್ವಾ?

ಅವರು ಸುಮ್ನೆ ಕೇಳುತ್ತಿಲ್ಲ. ಜಗತ್ತಿನಲ್ಲಿ ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳ ಉಗ್ರಾಣ 2011ರಲ್ಲೇ ಬರಿದಾಗಿದೆ. ಇದ್ದದ್ದನ್ನೇ ಹಂಚಿಕೊಂಡು, ಬಾಡಿಗೆಗೆ ಪಡೆದು, ಕೊಂಡುಕೊಂಡು ದಿನ ದೂಡುತ್ತಿದ್ದೇವೆ. ಈ ಕೊರತೆಯ ಭಾರ ಇಂಟರ್ನೆಟ್ಟಿಗೆ ಮೊದಲು ಬಂದವರ ಮೇಲೆ ಅಷ್ಟಾಗಿ ಬಿದ್ದಿಲ್ಲ. ತಡವಾಗಿ ಬಂದವರ ಮೇಲೆ ಬಿದ್ದಿದೆ. ನಾವು ಭಾರತದವರು ತಡವಾಗಿ ಬಂದವರ ಸಾಲಿನಲ್ಲಿದ್ದೇವೆ.

## ಐಪಿ ವಿಳಾಸ ಅಂದರೆ ಏನು

ಫೋನಿನಲ್ಲಿ ನೋಡುವ ವಿಡಿಯೋ ಇಡಿಯಾಗಿ ಒಂದೇ ಸಲಕ್ಕೆ ಬರುವುದಿಲ್ಲ. ಅದನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ಒಂದೊಂದು ತುಂಡಿಗೂ ಪ್ಯಾಕೆಟ್ ಅನ್ನುತ್ತಾರೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಎರಡು ವಿಳಾಸ ಇರುತ್ತದೆ: ಯಾರಿಂದ, ಯಾರಿಗೆ. ದಾರಿಯಲ್ಲಿ ಸಿಗುವ ರೂಟರ್‌ಗಳು 'ಯಾರಿಗೆ' ಅನ್ನುವುದನ್ನು ಓದಿ ಮುಂದಕ್ಕೆ ತಳ್ಳುತ್ತವೆ. ಒಳಗೆ ವಿಡಿಯೋ ಇದೆಯೋ ವಾಟ್ಸಾಪ್ ಮೆಸೇಜ್ ಇದೆಯೋ, ಅದು ಅವಕ್ಕೆ ಬೇಕಿಲ್ಲ.

ಈ ವಿಳಾಸವೇ ಐಪಿ ವಿಳಾಸ. ಐಪಿ ಅಂದರೆ ಇಂಟರ್ನೆಟ್ ಪ್ರೋಟೋಕಾಲ್. ಪ್ಯಾಕೆಟ್ ಹೇಗಿರಬೇಕು, ವಿಳಾಸ ಎಲ್ಲಿ ಬರೆಯಬೇಕು ಅಂತ ಎಲ್ಲರೂ ಒಪ್ಪಿಕೊಂಡ ನಿಯಮಗಳು. ವಿಳಾಸ ನೋಡಲು ಹೀಗಿರುತ್ತದೆ: 8.8.8.8. ಇದು ಗೂಗಲ್ ಎಲ್ಲರಿಗೂ ಬಿಟ್ಟಿಯಾಗಿ ಕೊಡುವ ಡಿಎನ್‌ಎಸ್ ಸೇವೆಯದು. ವೆಬ್‌ಸೈಟಿನ ಹೆಸರು ಹೇಳಿದರೆ ಅದರ ಐಪಿ ವಿಳಾಸ ಹುಡುಕಿಕೊಡುವ ಏರ್ಪಾಟಿಗೆ ಡಿಎನ್‌ಎಸ್ ಅನ್ನುತ್ತಾರೆ. ಅದು ಇರುವುದರಿಂದಲೇ ನಾವು ಹೆಸರು ಟೈಪ್ ಮಾಡಿದರೆ ಸಾಕಾಗುತ್ತದೆ. ನಂಬರಿನ ಗೋಜು ನಮಗೆ ಕಾಣುವುದೇ ಇಲ್ಲ.

ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಇಂಟರ್ನೆಟ್ಟಿನಲ್ಲಿ ನೇರವಾಗಿ ಕಾಣಿಸಿಕೊಳ್ಳುವ ವಿಳಾಸ ಇಡೀ ಜಗತ್ತಿಗೆ ಒಂದೇ ಇರಬೇಕು. ಎರಡು ಕಡೆ ಅದೇ ವಿಳಾಸ ಇದ್ದರೆ ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಅಂತ ರೂಟರ್‌ಗೆ ತಿಳಿಯುವುದಿಲ್ಲ. ಹೀಗೆ ಹೊರಜಗತ್ತಿಗೆ ಕಾಣುವ ವಿಳಾಸವೇ ಪಬ್ಲಿಕ್ ಐಪಿ. ಅದು ದಿನದಿನಕ್ಕೆ ಬದಲಾಗದೆ ನಿಮ್ಮದೇ ಆಗಿ ಉಳಿದರೆ ಸ್ಟ್ಯಾಟಿಕ್ ಐಪಿ.

## 429 ಕೋಟಿ ಅನ್ನುವ ಲೆಕ್ಕ

ಈಗ ಬಳಕೆಯಲ್ಲಿರುವ ಹಳೆಯ ವಿಳಾಸಗಳಿಗೆ ಐಪಿವಿ4 ಅನ್ನುತ್ತಾರೆ, ಅಂದರೆ ಐಪಿಯ ನಾಲ್ಕನೇ ಆವೃತ್ತಿ. ಇದರಲ್ಲಿ ವಿಳಾಸಕ್ಕೆ 32 ಬಿಟ್ ಜಾಗ. ಬಿಟ್ ಅಂದರೆ ಸೊನ್ನೆ ಅಥವಾ ಒಂದು ಬರೆಯಬಹುದಾದ ಒಂದು ಮನೆ. ಅಂಥ 32 ಮನೆಗಳನ್ನು ಎಂಟೆಂಟರಂತೆ ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗದಲ್ಲಿ 0ಯಿಂದ 255ರವರೆಗೆ ಬರೆಯಬಹುದು. ಅದಕ್ಕೇ ಚುಕ್ಕೆ ಇಟ್ಟ ನಾಲ್ಕು ಸಂಖ್ಯೆ. 256ನ್ನು ನಾಲ್ಕು ಸಲ ಗುಣಿಸಿದರೆ ಸಿಗುವುದು 4,29,49,67,296. ಇದಕ್ಕಿಂತ ಒಂದೇ ಒಂದು ವಿಳಾಸ ಜಾಸ್ತಿ ಮಾಡಲು ಆಗುವುದಿಲ್ಲ.

ಐಪಿವಿ4ರ ನಿಯಮಗಳು ಈಗಿನ ರೂಪದಲ್ಲಿ ಪ್ರಕಟವಾದದ್ದು 1981ರ ಸೆಪ್ಟೆಂಬರ್‌ನಲ್ಲಿ. ಆಗಲೇ ಭೂಮಿಯ ಮೇಲೆ ಸುಮಾರು 450 ಕೋಟಿ ಜನ ಇದ್ದರು. ತಲೆಗೊಂದು ವಿಳಾಸ ಅಂದರೂ ಸಾಲುತ್ತಿರಲಿಲ್ಲ! ಹಾಗಾದರೆ ಅವರು ಯಾಕೆ ಯೋಚಿಸಲಿಲ್ಲ? ಯೋಚಿಸುವ ಕಾರಣ ಇರಲಿಲ್ಲ. ಈ ನಿಯಮಗಳ ಹಿಂದಿದ್ದ ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಅವರಿಗೆ ಅದೊಂದು ಪ್ರಯೋಗ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ನಡೆಯುತ್ತಿದ್ದ ಆರ್ಪಾನೆಟ್ ಅನ್ನುವ ಜಾಲ 1983ರ ಜನವರಿ 1ರಂದು ಹೊಸ ನಿಯಮಕ್ಕೆ ಬದಲಾಯಿತು. ಆಗ ಅದರಲ್ಲಿದ್ದ ಕಂಪ್ಯೂಟರ್‌ಗಳು ಕೆಲವು ನೂರು ಮಾತ್ರ. ಒಂದು ಕಂಪ್ಯೂಟರ್ ಒಂದು ಕೋಣೆಯಷ್ಟು ಜಾಗ ತಿನ್ನುತ್ತಿದ್ದ ಕಾಲದಲ್ಲಿ ಒಬ್ಬೊಬ್ಬರ ಜೇಬಿನಲ್ಲೂ ಒಂದು ಇರುತ್ತದೆ, ಗೋಡೆಯ ಮೇಲಿನ ಬಲ್ಬಿಗೂ ವಿಳಾಸ ಬೇಕಾಗುತ್ತದೆ ಅಂತ ಯಾರು ಊಹಿಸುತ್ತಾರೆ? ಆ ಪ್ರಯೋಗ ಪ್ರಯೋಗಾಲಯ ಬಿಟ್ಟು ಜಗತ್ತಿಗೆಲ್ಲ ಹಬ್ಬಿತು, ವಿಳಾಸದ ಜಾಗ ಮಾತ್ರ ಅಷ್ಟೇ ಉಳಿಯಿತು.

## ಕೈಗೆ ಬಂದಂತೆ ಹಂಚಿದ ದಿನಗಳು

ಇದ್ದ 429 ಕೋಟಿಯೂ ಬಳಕೆಗೆ ಸಿಗಲಿಲ್ಲ. 127ರಿಂದ ಶುರುವಾಗುವ ವಿಳಾಸಗಳನ್ನೇ ನೋಡಿ. ಕಂಪ್ಯೂಟರ್ ತನ್ನೊಳಗೆ ತಾನೇ ಮಾತಾಡಿಕೊಳ್ಳಲು ಒಂದು ವಿಳಾಸ ಬೇಕು, ಅದು 127.0.0.1. ಆ ಒಂದು ಕೆಲಸಕ್ಕೆ 127ರ ಸಾಲನ್ನು ಪೂರ್ತಿ ಎತ್ತಿಟ್ಟರು. ಅಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು. 240ರಿಂದ ಮೇಲಿನ ಸುಮಾರು 27 ಕೋಟಿ ವಿಳಾಸಗಳನ್ನು 'ಮುಂದೆ ಬೇಕಾಗಬಹುದು' ಅಂತ ಇಟ್ಟರು. ಮುಂದೆ ಬೇಕಾದಾಗ ಅವನ್ನು ಬಳಸಲು ಆಗಲಿಲ್ಲ. ಯಾಕೆಂದರೆ ಆ ವಿಳಾಸ ಕಂಡರೆ ಪ್ಯಾಕೆಟ್ಟನ್ನು ಬಿಸಾಡಬೇಕು ಅಂತ ಲೆಕ್ಕವಿಲ್ಲದಷ್ಟು ಸಾಧನಗಳಲ್ಲಿ ಆಗಲೇ ಬರೆದಾಗಿತ್ತು.

ಉಳಿದದ್ದನ್ನು ಹಂಚುವಾಗ ಮೂರೇ ಅಳತೆ ಇತ್ತು. ಚಿಕ್ಕದು ಬೇಕೆಂದರೆ 256 ವಿಳಾಸ, ಮಧ್ಯಮ ಅಂದರೆ 65,536, ದೊಡ್ಡದು ಅಂದರೆ 1 ಕೋಟಿ 67 ಲಕ್ಷ. ಸಾವಿರ ವಿಳಾಸ ಬೇಕಾದವರಿಗೂ 65,536 ಸಿಗುತ್ತಿತ್ತು. ಮೊದಲಿಗೆ ಬಂದ ಅಮೆರಿಕದ ಸಂಸ್ಥೆಗಳಿಗೆ ದೊಡ್ಡ ಕಟ್ಟುಗಳೇ ಸಿಕ್ಕವು. 17ರಿಂದ ಶುರುವಾಗುವ ವಿಳಾಸಗಳೆಲ್ಲ ಆಪಲ್ ಕಂಪನಿಗೆ, 18ರವು ಎಂಐಟಿ ವಿಶ್ವವಿದ್ಯಾಲಯಕ್ಕೆ, 19ರವು ಕಾರು ಮಾಡುವ ಫೋರ್ಡ್ ಕಂಪನಿಗೆ. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಕೇಳಿದರು, ಕೊಟ್ಟರು. 1993ರಲ್ಲಿ ಈ ಮೂರು ಅಳತೆಯ ಪದ್ಧತಿ ಬಿಟ್ಟು, ಬೇಕಾದಷ್ಟೇ ಕತ್ತರಿಸಿ ಕೊಡುವ ಕ್ರಮ ಬಂತು. ಅದರಿಂದ ಕೊರತೆ ಎಷ್ಟೋ ವರ್ಷ ಮುಂದೆ ಹೋಯಿತು. ಆದರೆ ಆ ಹೊತ್ತಿಗೆ ದೊಡ್ಡ ತುಂಡುಗಳು ಕೈಬಿಟ್ಟಾಗಿತ್ತು.

ಇಂದಿಗೂ ಅದರ ಗುರುತು ಅಳಿದಿಲ್ಲ. ಅಮೆರಿಕದ ಪಾಲಿಗೆ 150 ಕೋಟಿಗೂ ಹೆಚ್ಚು ಐಪಿವಿ4 ವಿಳಾಸಗಳಿವೆ, ಅಲ್ಲಿನ ಒಬ್ಬೊಬ್ಬರಿಗೆ ನಾಲ್ಕಕ್ಕೂ ಜಾಸ್ತಿ. 140 ಕೋಟಿ ದಾಟಿದ ನಮ್ಮ ದೇಶದ ಪಾಲು ನಾಲ್ಕು ಕೋಟಿಯ ಆಸುಪಾಸು. ಮೂವತ್ತಕ್ಕೂ ಹೆಚ್ಚು ಜನಕ್ಕೆ ಒಂದು ವಿಳಾಸ ಅಂದ ಹಾಗಾಯಿತು.

## ಉಗ್ರಾಣ ಬರಿದಾದ ದಿನ

ವಿಳಾಸಗಳ ಮೂಲ ಉಗ್ರಾಣ ಐಯಾನಾ ಅನ್ನುವ ವ್ಯವಸ್ಥೆಯದ್ದು. ಅದರ ಕೆಳಗೆ ಜಗತ್ತಿನ ಐದು ಭಾಗಗಳಿಗೆ ಐದು ಸಂಸ್ಥೆಗಳು. ನಮ್ಮ ಭಾಗಕ್ಕೆ ಇರುವುದು ಏಪ್ನಿಕ್, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿದೆ. ಭಾರತದೊಳಗೆ ಹಂಚುವ ಕೆಲಸವನ್ನು ನಿಕ್ಸಿ ಸಂಸ್ಥೆಯ ಐರಿನ್ ವಿಭಾಗ ನೋಡಿಕೊಳ್ಳುತ್ತದೆ.

2011ರ ಫೆಬ್ರುವರಿ 3ರಂದು ಐಯಾನಾ ತನ್ನಲ್ಲಿ ಉಳಿದಿದ್ದ ಕೊನೆಯ ಐದು ದೊಡ್ಡ ಕಟ್ಟುಗಳನ್ನು ಈ ಐದು ಸಂಸ್ಥೆಗಳಿಗೆ ತಲಾ ಒಂದರಂತೆ ಕೊಟ್ಟು ಕೈತೊಳೆದುಕೊಂಡಿತು. ಮೊದಲು ಬಿಸಿ ತಟ್ಟಿದ್ದು ನಮ್ಮ ಕಡೆಗೇ. ಎರಡೂವರೆ ತಿಂಗಳೂ ಆಗಿರಲಿಲ್ಲ, ಏಪ್ರಿಲ್ 15ಕ್ಕೆ ಏಪ್ನಿಕ್ ತನ್ನ ಕೊನೆಯ ಕಟ್ಟಿಗೆ ಬಂದು ನಿಂತಿತು. ಚೀನಾ, ಭಾರತ, ಇಂಡೋನೇಷ್ಯಾ ಎಲ್ಲ ಇದೇ ಭಾಗದಲ್ಲಿ ಬರುವುದರಿಂದ ಅದರಲ್ಲಿ ಅಚ್ಚರಿ ಇಲ್ಲ. ಉತ್ತರ ಅಮೆರಿಕದ ಸಂಸ್ಥೆಯಲ್ಲಿ 2015ರ ಸೆಪ್ಟೆಂಬರ್‌ನಲ್ಲಿ ಖಾಲಿಯಾಯಿತು. ಯುರೋಪಿನಲ್ಲಿ 2019ರ ನವೆಂಬರ್ 25ಕ್ಕೆ ಪೂರ್ತಿ ಮುಗಿಯಿತು.

ಕೊನೆಯ ಕಟ್ಟಿಗೆ ಬಂದ ಮೇಲೆ ಏಪ್ನಿಕ್ ರೇಷನ್ ಮಾಡಿತು. ಹೊಸದಾಗಿ ಬರುವ ಒಂದು ಸಂಸ್ಥೆಗೆ ಅದರಿಂದ ಹೆಚ್ಚೆಂದರೆ 1,024 ವಿಳಾಸ. 2019ರಿಂದ ಅದನ್ನೂ 512ಕ್ಕೆ ಇಳಿಸಿದರು. ತಾಲ್ಲೂಕು ಕೇಂದ್ರದಲ್ಲಿ ಹೊಸದಾಗಿ ಇಂಟರ್ನೆಟ್ ಕಂಪನಿ ಶುರುಮಾಡಿ ಐದು ಸಾವಿರ ಮನೆಗೆ ಫೈಬರ್ ಎಳೆದವರ ಗತಿ ಏನು? ಅವರ ಕೈಯಲ್ಲಿ 512.

## ಒಂದು ವಠಾರ, ಒಂದು ಡೋರ್ ನಂಬರ್

ಐದು ಸಾವಿರ ಮನೆಯನ್ನು 512 ವಿಳಾಸದಲ್ಲಿ ಹಿಡಿಸುವ ಉಪಾಯಕ್ಕೆ ನ್ಯಾಟ್ ಅಂತ ಹೆಸರು. ವಠಾರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರ್. ಒಳಗೆ ಹತ್ತು ಮನೆ. ಒಳಗಿನವರು ತಮ್ಮತಮ್ಮಲ್ಲಿ ಒಂದನೇ ಮನೆ, ಐದನೇ ಮನೆ ಅನ್ನುತ್ತಾರೆ. ಪಕ್ಕದ ಬೀದಿಯ ವಠಾರದಲ್ಲೂ ಒಂದು 'ಐದನೇ ಮನೆ' ಇರುತ್ತದೆ, ಅದರಿಂದ ಯಾರಿಗೂ ತೊಂದರೆ ಇಲ್ಲ. ಅಂಚೆಯವನಿಗೆ ಕಾಣುವುದು ಹೊರಗಿನ ಡೋರ್ ನಂಬರ್ ಒಂದೇ. ಬಂದ ಕಾಗದ ಯಾರಿಗೆ ಅಂತ ನೋಡಿ ಕೊಡುವುದು ಮಾಲೀಕರ ಕೆಲಸ.

ನಿಮ್ಮ ಮನೆಯ ವೈಫೈ ರೂಟರ್ ಆ ಮಾಲೀಕರ ಹಾಗೆ. ಮನೆಯೊಳಗಿನ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಅದು 192.168 ಎಂದು ಶುರುವಾಗುವ ಒಳವಿಳಾಸ ಕೊಡುತ್ತದೆ. ಇಂಥ ಒಳಬಳಕೆಗೆ ಅಂತಲೇ ಮೂರು ಗುಂಪುಗಳನ್ನು 1996ರ ನಿಯಮದಲ್ಲಿ ಮೀಸಲಿಟ್ಟಿದ್ದಾರೆ. ನಿಮ್ಮ ಮನೆಯ 192.168.1.5 ಪಕ್ಕದ ಮನೆಯಲ್ಲೂ ಇರಬಹುದು, ಬ್ರೆಜಿಲ್‌ನಲ್ಲೂ ಇರಬಹುದು.

ಈಗ ರೂಟರಿನೊಳಗೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. 192.168.1.5 ವಿಳಾಸದ ನಿಮ್ಮ ಫೋನು ಒಂದು ಪ್ಯಾಕೆಟ್ ಕಳಿಸುತ್ತದೆ. ವಿಳಾಸದ ಜೊತೆಗೆ ಪೋರ್ಟ್ ಅನ್ನುವ ಇನ್ನೊಂದು ಸಂಖ್ಯೆಯೂ ಇರುತ್ತದೆ. ಯಾವ ಆ್ಯಪ್‌ನ ಮಾತುಕತೆ ಅಂತ ಗುರುತಿಸಲು ಅದು ಬೇಕು. 51000 ಅಂದುಕೊಳ್ಳಿ. ರೂಟರ್ ಆ ಪ್ಯಾಕೆಟ್ಟಿನ 'ಯಾರಿಂದ' ಅನ್ನುವುದನ್ನು ಅಳಿಸಿ ಹೊರಗಿನ ವಿಳಾಸ ಬರೆಯುತ್ತದೆ. ಉದಾಹರಣೆಗೆ 203.0.113.7, ಪೋರ್ಟ್ 40001. ತನ್ನ ಪಟ್ಟಿಯಲ್ಲಿ 'ಹೊರಗಿನ 40001 ಅಂದರೆ ಒಳಗಿನ 192.168.1.5ರ 51000' ಅಂತ ಗುರುತು ಹಾಕಿಕೊಳ್ಳುತ್ತದೆ. ಉತ್ತರ 40001ಕ್ಕೆ ಬಂದಾಗ ಪಟ್ಟಿ ನೋಡಿ ನಿಮ್ಮ ಫೋನಿಗೇ ತಲುಪಿಸುತ್ತದೆ. ಸ್ವಲ್ಪ ಹೊತ್ತು ಮಾತುಕತೆ ಇಲ್ಲದಿದ್ದರೆ ಆ ಸಾಲು ಅಳಿಸಿಬಿಡುತ್ತದೆ.

ಇಲ್ಲಿ ಒಂದು ಎಡವಟ್ಟು ಇದೆ. ಒಳಗಿನವರು ಮೊದಲು ಕಾಗದ ಹಾಕಿದರೆ ಮಾತ್ರ ಪಟ್ಟಿಯಲ್ಲಿ ಸಾಲು ಹುಟ್ಟುತ್ತದೆ. ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ ಯಾರಿಗೆ ಅಂತ ರೂಟರ್‌ಗೆ ಗೊತ್ತಾಗದೆ ಬಿಸಾಡುತ್ತದೆ. ಮನೆಯ ರೂಟರ್ ನಮ್ಮ ಕೈಯಲ್ಲೇ ಇರುವುದರಿಂದ 'ಇಂಥ ಪೋರ್ಟಿಗೆ ಬಂದದ್ದನ್ನು ಕ್ಯಾಮೆರಾ ಪೆಟ್ಟಿಗೆಗೆ ಕಳಿಸು' ಅಂತ ಕಾಯಂ ಸಾಲು ಬರೆದಿಡಬಹುದು. ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಮನೆಯ ಮಟ್ಟಕ್ಕೆ ಸರಿ.

ವಿಳಾಸಗಳ ಕೊರತೆ ಇನ್ನೂ ಬಿಗಿಯಾದಾಗ ಕಂಪನಿಗಳು ಇದೇ ಉಪಾಯವನ್ನು ಮೇಲಿನ ಮಟ್ಟದಲ್ಲೂ ಹಾಕಿದವು. ನಿಮ್ಮ ಮನೆಯ ರೂಟರ್‌ಗೂ ಪಬ್ಲಿಕ್ ಐಪಿ ಇಲ್ಲ. ನೂರಾರು ಮನೆಗಳು ಕಂಪನಿಯ ಒಂದು ದೊಡ್ಡ ನ್ಯಾಟ್ ಯಂತ್ರದ ಹಿಂದೆ ಇರುತ್ತವೆ. ವಠಾರದೊಳಗೆ ಇನ್ನೊಂದು ವಠಾರ. ಇದಕ್ಕೆ ಸಿಜಿನ್ಯಾಟ್ ಅಂತ ಹೆಸರು. ಇದಕ್ಕಾಗಿಯೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಬೇರೆ ತೆಗೆದಿಟ್ಟರು. ಒಂದು ವಿಳಾಸಕ್ಕೆ ಇರುವ ಪೋರ್ಟುಗಳು 65,536. ಮನೆಗೆ ಸಾವಿರ ಪೋರ್ಟ್ ಕೊಟ್ಟರೆ ಅರವತ್ತು ಚಿಲ್ಲರೆ ಮನೆಗಳು ಒಂದೇ ವಿಳಾಸದಲ್ಲಿ ಹಿಡಿಸುತ್ತವೆ.

ಹೊರಗಿನ ಬಾಗಿಲಿನ ಪಟ್ಟಿ ಈಗ ಕಂಪನಿಯ ಕೈಯಲ್ಲಿದೆ. ಅಲ್ಲಿ ನಿಮ್ಮ ಕ್ಯಾಮೆರಾಗೆ ಕಾಯಂ ಸಾಲು ಬರೆಯಲು ನಿಮಗೆ ಆಗುವುದಿಲ್ಲ. ಕ್ಯಾಮೆರಾ ಹಾಕಲು ಬಂದ ಹುಡುಗ ಒದ್ದಾಡಿದ್ದು ಇದಕ್ಕೇ. ಕ್ಯಾಮೆರಾ ಕಂಪನಿಯ ಕ್ಲೌಡ್ ಮೂಲಕ ನೋಡುವ ಬಗೆಯದ್ದಾದರೆ ನಡೆಯುತ್ತದೆ. ಅಲ್ಲಿ ಕ್ಯಾಮೆರಾವೇ ಒಳಗಿನಿಂದ ಮೊದಲು ಮಾತು ತೆಗೆಯುತ್ತದೆ. ಬದಲಿಗೆ ನಿಮ್ಮ ಮನೆಯ ದೃಶ್ಯ ಇನ್ನೊಬ್ಬರ ಸರ್ವರ್ ದಾಟಿ ಬರುತ್ತದೆ.

ತೊಂದರೆ ಕ್ಯಾಮೆರಾಗೆ ಮುಗಿಯುವುದಿಲ್ಲ. ಒಂದೇ ವಿಳಾಸ ಹಂಚಿಕೊಂಡವರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದರೆ ವೆಬ್‌ಸೈಟ್ ಆ ವಿಳಾಸವನ್ನೇ ತಡೆಯುತ್ತದೆ, ಉಳಿದವರೂ ಹೊರಗೆ. 'ನೀವು ರೋಬೋಟ್ ಅಲ್ಲ ಅಂತ ತೋರಿಸಿ' ಅನ್ನುವ ಚಿತ್ರದ ಪರೀಕ್ಷೆ ಪದೇ ಪದೇ ಬರಲು ಇದೂ ಒಂದು ಕಾರಣ. ಆನ್‌ಲೈನ್ ಆಟಗಳಲ್ಲಿ ಇಬ್ಬರು ನೇರವಾಗಿ ಸೇರಲು ಕಷ್ಟವಾಗುತ್ತದೆ. ಪೊಲೀಸರ ಪಾಡು ಇನ್ನೂ ಗಂಭೀರ. ಸೈಬರ್ ವಂಚನೆಯಲ್ಲಿ ಐಪಿ ವಿಳಾಸ ಒಂದೇ ಸಿಕ್ಕರೆ ಅದರ ಹಿಂದೆ ನೂರು ಮನೆ ಇರಬಹುದು. ಯಾವ ಕ್ಷಣದಲ್ಲಿ, ಯಾವ ಪೋರ್ಟಿನಿಂದ ಅನ್ನುವುದೂ ಬೇಕು. ಬಹಳ ಸಲ ವೆಬ್‌ಸೈಟುಗಳು ಪೋರ್ಟ್ ಬರೆದಿಟ್ಟಿರುವುದಿಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲೇ ಸಿಜಿನ್ಯಾಟ್ ಬಳಕೆ ಕೊನೆಯಾಗಲಿ ಅಂತ ಕೇಳಿಕೊಂಡಿತ್ತು.

## ವಿಳಾಸಕ್ಕೂ ಮಾರುಕಟ್ಟೆ

ಉಗ್ರಾಣ ಬರಿದಾದ ಮೇಲೆ ಇದ್ದವರಿಂದ ಕೊಳ್ಳುವುದೊಂದೇ ದಾರಿ. 2011ರಲ್ಲಿ ಮೈಕ್ರೋಸಾಫ್ಟ್ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರ್‌ಗೆ ಕೊಂಡಿತು. ಒಂದಕ್ಕೆ 11 ಡಾಲರ್ ಚಿಲ್ಲರೆ. 2019ರಲ್ಲಿ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಅಂತ ಮೀಸಲಿದ್ದ ಕಟ್ಟಿನಿಂದ ಸುಮಾರು 42 ಲಕ್ಷ ವಿಳಾಸಗಳನ್ನು ಅಮೆಜಾನ್ ಕೊಂಡಾಗ ಅದು ಕೊಟ್ಟದ್ದು 10 ಕೋಟಿ ಡಾಲರ್‌ಗೂ ಜಾಸ್ತಿ. 2021-22ರ ಹೊತ್ತಿಗೆ ಮಾರುಕಟ್ಟೆಯಲ್ಲಿ ಒಂದು ವಿಳಾಸದ ಬೆಲೆ 50 ಡಾಲರ್ ದಾಟಿತ್ತು.

2024ರ ಫೆಬ್ರುವರಿ 1ರಿಂದ ಅಮೆಜಾನ್ ತನ್ನ ಕ್ಲೌಡ್ ಗ್ರಾಹಕರಿಂದ ಪ್ರತಿ ಐಪಿವಿ4 ಪಬ್ಲಿಕ್ ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ವಸೂಲಿ ಮಾಡುತ್ತಿದೆ. ತಿಂಗಳಿಗೆ ಸುಮಾರು ಮೂರೂವರೆ ಡಾಲರ್. ಬೆಂಗಳೂರಿನ ಸಣ್ಣ ಸ್ಟಾರ್ಟಪ್‌ಗಳ ಬಿಲ್ಲಿನಲ್ಲೂ ಈಗ ಇದೊಂದು ಸಾಲು ಕಾಣುತ್ತದೆ. ನಿಮ್ಮ ಕೇಬಲ್‌ನವರು ಸ್ಟ್ಯಾಟಿಕ್ ಐಪಿಗೆ ಬೇರೆ ದುಡ್ಡು ಕೇಳುವುದು ಇದೇ ಸರಪಣಿಯ ಕೊನೆಯ ಕೊಂಡಿ. ನಿಮಗೆ ಒಂದು ಕೊಟ್ಟರೆ ಅರವತ್ತು ಮನೆ ಹಿಡಿಸುವ ಒಂದು ವಿಳಾಸ ಅವರ ಕೈಬಿಟ್ಟ ಹಾಗೆ.

## ಹೊಸ ವಿಳಾಸ ಹೇಗಿದೆ

ಕೊರತೆ ಬರುತ್ತದೆ ಅಂತ ಎಂಜಿನಿಯರುಗಳಿಗೆ ತೊಂಬತ್ತರ ದಶಕದ ಆರಂಭದಲ್ಲೇ ಗೊತ್ತಿತ್ತು. ಅದಕ್ಕೆಂದೇ ರೂಪಿಸಿದ ಹೊಸ ಆವೃತ್ತಿ ಐಪಿವಿ6ರ ಮೊದಲ ನಿಯಮಗಳು 1995ರ ಡಿಸೆಂಬರ್‌ನಲ್ಲೇ ಬಂದವು. ಪೂರ್ಣ ಮಾನ್ಯತೆಯ ಮಾನದಂಡ ಆದದ್ದು 2017ರ ಜುಲೈನಲ್ಲಿ. ನಾಲ್ಕಾದ ಮೇಲೆ ಐದು ಯಾಕಿಲ್ಲ ಅಂತ ಹಲವರು ಕೇಳುತ್ತಾರೆ. ಧ್ವನಿ, ವಿಡಿಯೋ ಕಳಿಸುವ ಒಂದು ಹಳೆಯ ಪ್ರಯೋಗಕ್ಕೆ ಆ ಸಂಖ್ಯೆ ಆಗಲೇ ಕೊಟ್ಟಾಗಿತ್ತು, ಅಷ್ಟೇ.

ಹೊಸದರಲ್ಲಿ ವಿಳಾಸಕ್ಕೆ 128 ಬಿಟ್. 32ರ ನಾಲ್ಕು ಪಟ್ಟು ತಾನೇ ಅನಿಸಬಹುದು. ಆದರೆ ಒಂದೊಂದು ಬಿಟ್ ಸೇರಿದಾಗಲೂ ವಿಳಾಸಗಳ ಸಂಖ್ಯೆ ಎರಡು ಪಟ್ಟು ಆಗುತ್ತದೆ. 96 ಸಲ ಇಮ್ಮಡಿ ಆದಾಗ ಬರುವ ಮೊತ್ತ 340ರ ಮುಂದೆ 36 ಸೊನ್ನೆ ಇಟ್ಟಷ್ಟು. ಆ ಸಂಖ್ಯೆ ಕಣ್ಣಿಗೆ ಕಟ್ಟುವುದು ಕಷ್ಟ. ಮನೆಯ ಲೆಕ್ಕದಲ್ಲೇ ನೋಡೋಣ. ಐಪಿವಿ6ರಲ್ಲಿ ಒಂದು ಮನೆಗೆ ಕಡಿಮೆ ಅಂದರೂ 64 ಬಿಟ್‌ನಷ್ಟು ಜಾಗ ಕೊಡುವುದು ರೂಢಿ. ಅಂದರೆ 429 ಕೋಟಿಯನ್ನು 429 ಕೋಟಿಯಿಂದ ಗುಣಿಸಿದಷ್ಟು ವಿಳಾಸಗಳು, ಒಂದೇ ಮನೆಗೆ. ಮನೆಯ ಪ್ರತಿ ಬಲ್ಬಿಗೂ, ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಪಬ್ಲಿಕ್ ವಿಳಾಸ ಕೊಟ್ಟರೂ ಮುಗಿಯುವುದಿಲ್ಲ. ವಠಾರದ ಉಪಾಯವೇ ಬೇಡ.

ಬರೆಯುವ ರೀತಿಯೂ ಬೇರೆ. 8.8.8.8 ಅಂದ ಅದೇ ಗೂಗಲ್ ಸೇವೆಯ ಹೊಸ ವಿಳಾಸ ಹೀಗಿದೆ:

2001:4860:4860:0000:0000:0000:0000:8888

ಚುಕ್ಕೆಯ ಬದಲು ಕೋಲನ್, ನಾಲ್ಕರ ಬದಲು ಎಂಟು ಭಾಗ. ಪ್ರತಿ ಭಾಗದಲ್ಲಿ ನಾಲ್ಕು ಗುರುತು. ಗುರುತು ಅಂದರೆ 0ಯಿಂದ 9, ಆಮೇಲೆ ಇಂಗ್ಲಿಷಿನ ಎಯಿಂದ ಎಫ್‌ವರೆಗಿನ ಅಕ್ಷರ, ಒಟ್ಟು ಹದಿನಾರು ಬಗೆ. ಬರೀ ಸೊನ್ನೆಯ ಭಾಗಗಳು ಒಂದರ ಪಕ್ಕ ಒಂದು ಬಂದರೆ ಎರಡು ಕೋಲನ್ ಹಾಕಿ ಚಿಕ್ಕದು ಮಾಡಬಹುದು: 2001:4860:4860::8888. ಎರಡೂ ಒಂದೇ.

## ಇಷ್ಟು ಒಳ್ಳೆಯದಿದ್ದರೆ ಯಾಕಿಷ್ಟು ತಡ?

ಈ ಎರಡು ಆವೃತ್ತಿಗಳಿಗೆ ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ಹಳೆಯ ಪ್ಯಾಕೆಟ್ಟಿನಲ್ಲಿ ವಿಳಾಸ ಬರೆಯಲು ಇರುವ ಜಾಗ 32 ಬಿಟ್, ಅಲ್ಲಿ 128 ಬಿಟ್ ತುರುಕಲು ಆಗುವುದಿಲ್ಲ. ಅದಕ್ಕೆ ಪ್ಯಾಕೆಟ್ಟಿನ ರೂಪವನ್ನೇ ಬದಲಾಯಿಸಿದರು. ಹೀಗಾಗಿ ಐಪಿವಿ6 ಮಾತ್ರ ಇರುವ ಫೋನು ಐಪಿವಿ4 ಮಾತ್ರ ಇರುವ ವೆಬ್‌ಸೈಟನ್ನು ನೇರವಾಗಿ ತಲುಪಲಾರದು.

1983ರಲ್ಲಿ ಒಂದು ದಿನ ಗೊತ್ತುಮಾಡಿ ಎಲ್ಲರೂ ಬದಲಾದರು. ಈಗ ಅದು ಆಗದ ಮಾತು. ಆಸ್ಪತ್ರೆಯ ಯಂತ್ರ, ಬ್ಯಾಂಕಿನ ಎಟಿಎಂ, ಹತ್ತು ವರ್ಷ ಹಳೆಯ ರೂಟರ್ ಎಲ್ಲ ಒಂದೇ ದಿನ ಬದಲಾಗಬೇಕಾಗುತ್ತದೆ. ಇನ್ನೊಂದು ತೊಡಕು ಹಣದ್ದು. ನಾನು ಬದಲಾಯಿಸಿದರೆ ಖರ್ಚು ಇಂದೇ ನನ್ನದು. ಆದರೆ ಅದರ ಲಾಭ ಸಿಗಬೇಕಾದರೆ ಆ ಕಡೆಯವರೂ ಬದಲಾಗಬೇಕು. ಹೀಗೆ ಎಲ್ಲರೂ ಇನ್ನೊಬ್ಬರಿಗಾಗಿ ಕಾದರು. ಬೇಕಾದಷ್ಟು ಹಳೆಯ ವಿಳಾಸ ಇದ್ದವರಿಗೆ ಅವಸರವೂ ಇರಲಿಲ್ಲ.

ಹಾಗಾಗಿ ಎರಡೂ ಜೊತೆಜೊತೆಗೆ ನಡೆಯುವ ದಾರಿ ಹುಡುಕಿದರು. ಸರಳವಾದದ್ದು ಡ್ಯುಯಲ್ ಸ್ಟ್ಯಾಕ್. ಒಂದೇ ಸಾಧನಕ್ಕೆ ಎರಡೂ ವಿಳಾಸ. ಫೋನು ಹೊಸದಕ್ಕೆ ಸ್ವಲ್ಪ ಮುಂಚೆ ಕರೆ ಕಳಿಸುತ್ತದೆ, ತಡವಾದರೆ ಹಳೆಯ ದಾರಿಯಲ್ಲೂ ಪ್ರಯತ್ನಿಸುತ್ತದೆ. ಯಾವುದು ಮೊದಲು ಓಗೊಡುತ್ತದೋ ಅದೇ ದಾರಿ. ನಮಗೆ ಗೊತ್ತೂ ಆಗುವುದಿಲ್ಲ. ಇನ್ನೊಂದು ಬಗೆ ಮೊಬೈಲ್ ಕಂಪನಿಗಳಿಗೆ ಹೆಚ್ಚು ಹಿಡಿಸಿದ್ದು. ಜಾಲದೊಳಗೆ ಐಪಿವಿ6 ಮಾತ್ರ ಓಡಿಸಿ, ಹಳೆಯ ವೆಬ್‌ಸೈಟಿಗೆ ಹೋಗುವ ಪ್ಯಾಕೆಟ್‌ಗಳನ್ನು ಗಡಿಯಲ್ಲಿ ಅನುವಾದಿಸುವುದು. ಇದು ಚೆನ್ನಾಗಿ ನಡೆಯಬೇಕಾದರೆ ಆ್ಯಪ್‌ಗಳು ಸಹಕರಿಸಬೇಕು. 2016ರ ಜೂನ್ 1ರಿಂದ ಆಪಲ್ ತನ್ನ ಆ್ಯಪ್ ಸ್ಟೋರಿಗೆ ಬರುವ ಪ್ರತಿ ಆ್ಯಪ್ ಐಪಿವಿ6 ಮಾತ್ರ ಇರುವ ಜಾಲದಲ್ಲೂ ನಡೆಯಲೇಬೇಕು ಅಂತ ಕಡ್ಡಾಯ ಮಾಡಿತು. ಅದರಿಂದ ಬಹಳ ಅನುಕೂಲವಾಯಿತು.

## ನಾಲ್ಕು ಕೋಟಿ ವಿಳಾಸ, ಹತ್ತು ಕೋಟಿ ಗ್ರಾಹಕರು

ಈ ವಿಷಯದಲ್ಲಿ ಭಾರತ ಹಿಂದೆ ಬಿದ್ದಿರಬಹುದು ಅಂದುಕೊಂಡರೆ ಅದು ತಪ್ಪು. ದೂರಸಂಪರ್ಕ ಇಲಾಖೆ ಐಪಿವಿ6ಗೆ ದಾರಿನಕ್ಷೆ ಹೊರಡಿಸಿದ್ದು 2010ರ ಜುಲೈನಲ್ಲಿ. ಆದರೂ 2016ರ ಆರಂಭದವರೆಗೆ ಬಳಕೆ ತೀರಾ ಕಡಿಮೆ ಇತ್ತು. ಆ ವರ್ಷ ಸೆಪ್ಟೆಂಬರ್ 5ರಂದು ಜಿಯೋ 4ಜಿ ಶುರುವಾಯಿತು. ಆರು ತಿಂಗಳೊಳಗೆ 10 ಕೋಟಿ ಗ್ರಾಹಕರು ಸೇರಿದರು. ಇಡೀ ದೇಶದ ಐಪಿವಿ4 ಪಾಲೇ ನಾಲ್ಕು ಕೋಟಿಯ ಹತ್ತಿರ ಇರುವಾಗ ಹೊಸ ಕಂಪನಿಯೊಂದು 10 ಕೋಟಿ ಫೋನುಗಳಿಗೆ ವಿಳಾಸ ಎಲ್ಲಿಂದ ತರಬೇಕು? ಜಾಲವನ್ನು ಮೊದಲಿನಿಂದಲೇ ಐಪಿವಿ6 ಮೇಲೆ ಕಟ್ಟಿದ್ದರು. ಹಳೆಯ 2ಜಿ, 3ಜಿ ಸಲಕರಣೆಗಳ ಹೊರೆ ಇಲ್ಲದಿದ್ದದ್ದೂ ಅನುಕೂಲವಾಯಿತು. ಬೇರೆ ಮೊಬೈಲ್ ಕಂಪನಿಗಳೂ ಅದೇ ದಾರಿ ಹಿಡಿದವು.

ಇವತ್ತು ಗೂಗಲ್ ಅಳೆಯುವ ಲೆಕ್ಕದಲ್ಲಿ ಜಗತ್ತಿನಾದ್ಯಂತ ಅದರ ಬಳಕೆದಾರರಲ್ಲಿ ಅರ್ಧದ ಆಸುಪಾಸಿನವರು ಐಪಿವಿ6 ಮೂಲಕ ಬರುತ್ತಾರೆ. ಭಾರತದಲ್ಲಿ ಆ ಪಾಲು ಮೂರರಲ್ಲಿ ಎರಡಕ್ಕಿಂತ ಜಾಸ್ತಿ. ಜಗತ್ತಿನ ಮುಂಚೂಣಿ ದೇಶಗಳಲ್ಲಿ ನಾವೂ ಇದ್ದೇವೆ. ಇದು ನನಗೆ ಬಹಳ ಇಷ್ಟವಾಗುವ ಸಂಗತಿ. ಪಾಲು ಕಡಿಮೆ ಸಿಕ್ಕಿದ್ದೇ ಮುಂದೆ ಹೋಗಲು ಕಾರಣವಾಯಿತು.

ಹಿಂದೆ ಉಳಿದಿರುವುದು ಮನೆಯ ವೈರ್ ಬ್ರಾಡ್‌ಬ್ಯಾಂಡ್, ಅದರಲ್ಲೂ ಸಣ್ಣ ಕಂಪನಿಗಳು. ಹಳೆಯ ರೂಟರ್, ಹಳೆಯ ಸಲಕರಣೆ, ಕಲಿತ ಕೆಲಸಗಾರರ ಕೊರತೆ ಎಲ್ಲ ಸೇರಿದೆ. 2022ರ ಡಿಸೆಂಬರ್ 31ರ ನಂತರ ಕೊಡುವ ಹೊಸ ವೈರ್ ಸಂಪರ್ಕಗಳು ಐಪಿವಿ6 ಒಯ್ಯುವಂತಿರಬೇಕು ಅಂತ ದೂರಸಂಪರ್ಕ ಇಲಾಖೆ ಹೇಳಿತ್ತು. ಆದ್ದರಿಂದ ನಿಮ್ಮ ಕಂಪನಿಯನ್ನು ಧೈರ್ಯವಾಗಿ ಕೇಳಿ.

## ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ

ಗೂಗಲ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಅಂತ ಹುಡುಕಿ. ಕೋಲನ್ ಇರುವ ಉದ್ದನೆಯ ವಿಳಾಸ ಬಂದರೆ ನೀವು ಐಪಿವಿ6ರಲ್ಲಿದ್ದೀರಿ. ಮೊಬೈಲ್ ಡೇಟಾದಲ್ಲಿ ನೋಡಿದರೆ ಜಿಯೋದವರಿಗೆ ಸಾಮಾನ್ಯವಾಗಿ 2409 ಎಂದೂ ಏರ್‌ಟೆಲ್‌ನವರಿಗೆ 2401:4900 ಎಂದೂ ಶುರುವಾಗುತ್ತದೆ. ಆಮೇಲೆ ವೈಫೈಗೆ ಬಂದು ಮತ್ತೆ ನೋಡಿ. ಚುಕ್ಕೆಯ ವಿಳಾಸ ಮಾತ್ರ ಬಂದರೆ ನಿಮ್ಮ ಬ್ರಾಡ್‌ಬ್ಯಾಂಡ್‌ಗೆ ಐಪಿವಿ6 ಬಂದಿಲ್ಲ, ಅಥವಾ ರೂಟರಿನಲ್ಲಿ ಆಫ್ ಆಗಿದೆ. ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಐಪಿವಿ6 ಅನ್ನುವ ಭಾಗ ತೆರೆದು ಆನ್ ಮಾಡಿ ನೋಡಬಹುದು.

ಸಿಜಿನ್ಯಾಟ್ ಹಿಂದೆ ಇದ್ದೀರಾ ಅಂತ ತಿಳಿಯಲು ರೂಟರಿನ ಪುಟದಲ್ಲಿ ವ್ಯಾನ್ ಐಪಿ ಅಂತ ತೋರಿಸುವ ಚುಕ್ಕೆಯ ವಿಳಾಸ ನೋಡಿ. ಅದು 10ರಿಂದಲೋ 100.64ರಿಂದ 100.127ರ ನಡುವಿನಿಂದಲೋ ಶುರುವಾದರೆ ನೀವು ಹಂಚಿಕೊಂಡ ವಿಳಾಸದಲ್ಲಿದ್ದೀರಿ.

ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟುವ ಮುಂಚೆ ಐಪಿವಿ6 ಇದೆಯಾ ಅಂತ ಕೇಳುವುದು ಲೇಸು. ಕ್ಯಾಮೆರಾ ಪೆಟ್ಟಿಗೆಗೂ ಅದು ಬರುವುದಾದರೆ, ನೋಡುವ ಫೋನೂ ಐಪಿವಿ6ರಲ್ಲಿದ್ದರೆ, ನ್ಯಾಟ್‌ನ ಹಂಗಿಲ್ಲದೆ ನೇರವಾಗಿ ತಲುಪಬಹುದು. ಹೊರಗಿನಿಂದ ಬರುವುದನ್ನು ತಡೆಯುವ ರೂಟರಿನ ಫೈರ್‌ವಾಲ್‌ನಲ್ಲಿ ಆ ಒಂದು ಸಾಧನಕ್ಕೆ ಮಾತ್ರ ಅನುಮತಿ ಕೊಡಬೇಕಾಗುತ್ತದೆ. ಹೊಸ ವಿಳಾಸವೂ ಆಗಾಗ ಬದಲಾಗಬಹುದು, ಅದಕ್ಕೆ ಬದಲಾದ ವಿಳಾಸವನ್ನು ಒಂದೇ ಹೆಸರಿಗೆ ಜೋಡಿಸುತ್ತಾ ಹೋಗುವ ಡೈನಮಿಕ್ ಡಿಎನ್‌ಎಸ್ ಹಾಕಿಸಬೇಕು. ಕ್ಯಾಮೆರಾ ದೃಶ್ಯ ಕೂಡಿಡುವ ಹಳೆಯ ಡಿವಿಆರ್‌ಗಳಿಗೆ ಐಪಿವಿ6 ಗೊತ್ತೇ ಇಲ್ಲದಿರಬಹುದು. ಹೊಸದು ಕೊಳ್ಳುವವರು ಪೆಟ್ಟಿಗೆಯ ಮೇಲೆ ನೋಡಿಕೊಳ್ಳಲಿ.

ಪ್ರತಿ ಸಾಧನಕ್ಕೂ ಪಬ್ಲಿಕ್ ವಿಳಾಸ ಅಂದಾಗ ಭಯವಾಗುವುದು ಸಹಜ. ಕಳ್ಳರು ನೇರವಾಗಿ ಒಳಗೆ ಬರುವುದಿಲ್ಲವೇ? ಬಾಗಿಲು ಕಾಯುವುದು ಫೈರ್‌ವಾಲ್‌ನ ಕೆಲಸ. ಒಳ್ಳೆಯ ರೂಟರ್‌ಗಳು ಐಪಿವಿ6ರಲ್ಲೂ ಹೊರಗಿನಿಂದ ತಾನಾಗಿ ಬರುವುದನ್ನು ತಡೆಯುತ್ತವೆ. ಅದನ್ನು ಆಫ್ ಮಾಡಬಾರದು ಅಷ್ಟೇ. ಇನ್ನು ಫೋನುಗಳು ತಮ್ಮ ಹೊಸ ವಿಳಾಸದ ಕೊನೆಯ ಅರ್ಧವನ್ನು ಆಗಾಗ ತಾವೇ ಬದಲಾಯಿಸಿಕೊಳ್ಳುತ್ತವೆ. ವೆಬ್‌ಸೈಟುಗಳು ವಿಳಾಸ ಹಿಡಿದು ಬೆನ್ನು ಹತ್ತುವುದು ಇದರಿಂದ ಕಷ್ಟವಾಗುತ್ತದೆ. ವೇಗದ ಬಗ್ಗೆ ಹೇಳುವುದಾದರೆ, ಐಪಿವಿ6 ಬಂದ ಮಾತ್ರಕ್ಕೆ ಇಂಟರ್ನೆಟ್ ಜೋರಾಗುವುದಿಲ್ಲ. ಕಂಪನಿಯ ನ್ಯಾಟ್ ಯಂತ್ರ ತುಂಬಿ ತುಳುಕುತ್ತಿದ್ದರೆ ಅದನ್ನು ದಾಟುವ ಅವಸ್ಥೆ ತಪ್ಪುತ್ತದೆ, ಆಗ ವ್ಯತ್ಯಾಸ ಕಾಣಬಹುದು.

## ಹಳೆಯದನ್ನು ನಿಲ್ಲಿಸುವುದು ಯಾವಾಗ?

ಇಡೀ ಜಗತ್ತಿಗೆ ಅಂತ ಒಂದು ದಿನಾಂಕ ಇಲ್ಲ. ಐಪಿವಿ4 ಇನ್ನೂ ಹಲವು ವರ್ಷ ನಡೆಯುತ್ತದೆ. ನಿಮ್ಮ ಹಳೆಯ ಫೋನು ನಾಳೆ ಬೆಳಿಗ್ಗೆ ನಿಂತುಹೋಗುತ್ತದೆ ಅನ್ನುವ ಆತಂಕ ಬೇಡ. ಆದರೆ ಕೆಲವು ಸರ್ಕಾರಗಳು ತಮ್ಮ ಮಟ್ಟಿಗೆ ಗಡುವು ಹಾಕಿಕೊಂಡಿವೆ. ಅಮೆರಿಕದ ಕೇಂದ್ರ ಸರ್ಕಾರ ತನ್ನ ಜಾಲಗಳಲ್ಲಿನ ಶೇಕಡಾ 80ರಷ್ಟು ಸಾಧನಗಳು 2025ರ ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಐಪಿವಿ6 ಮಾತ್ರ ಬಳಸಬೇಕು ಅಂತ 2020ರಲ್ಲಿ ಗುರಿ ಇಟ್ಟಿತ್ತು. ಜೆಕ್ ಗಣರಾಜ್ಯ ಇನ್ನೂ ಖಚಿತವಾಗಿ ಹೇಳಿದೆ. ದೊಡ್ಡ ದೊಡ್ಡ ವೆಬ್‌ಸೈಟುಗಳು ಐಪಿವಿ6ನ್ನು ಕಾಯಂ ಆಗಿ ಶುರುಮಾಡಿದ್ದು 2012ರ ಜೂನ್ 6ರಂದು. ಅದಕ್ಕೆ ಸರಿಯಾಗಿ ಇಪ್ಪತ್ತು ವರ್ಷ ತುಂಬುವ 2032ರ ಜೂನ್ 6ಕ್ಕೆ ಅಲ್ಲಿನ ಸರ್ಕಾರಿ ಸೇವೆಗಳು ಐಪಿವಿ4ರಲ್ಲಿ ಸಿಗುವುದು ನಿಲ್ಲುತ್ತದೆ.